ಜಿಮ್ನಾಸ್ಟಿಕ್ಸ್ ಮಕ್ಕಳಿಗೆ ರಜೆ ಕೊಡುವವರು ಯಾರು?

ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆಯ ನಿಯಮಾವಳಿಯಲ್ಲಿ ಒಂದು ಮಿತಿಯಿದೆ. ಸ್ಪರ್ಧೆಯ ಋತುವಿನಲ್ಲಿ ಯಾವ ವಿದ್ಯಾರ್ಥಿಯನ್ನೂ ವಾರಕ್ಕೆ 20 ಗಂಟೆಗಿಂತ ಹೆಚ್ಚು ಕಡ್ಡಾಯ ಅಭ್ಯಾಸಕ್ಕೆ ಕರೆಯುವಂತಿಲ್ಲ. ವಾರದಲ್ಲಿ ಒಂದು ದಿನ ಪೂರ್ತಿ ಬಿಡುವು ಕೊಡಲೇಬೇಕು. ಹದಿನೆಂಟು ತುಂಬಿದ, ಓಟು ಹಾಕುವ, ಮೂಳೆ ಬಹುಮಟ್ಟಿಗೆ ಬಲಿತ ಯುವತಿಯರಿಗೆ ಸಿಕ್ಕಿರುವ ರಕ್ಷಣೆ ಇದು. ಅದೇ ಊರಿನ ಖಾಸಗಿ ಕ್ಲಬ್ಬಿನಲ್ಲಿ ಹನ್ನೆರಡರ ಹುಡುಗಿ ವಾರಕ್ಕೆ 25 ಗಂಟೆ ಬಾರಿಗೆ ಜೋತು ಬೀಳುತ್ತಿದ್ದರೆ ಯಾಕೆಂದು ಕೇಳುವ ಇಂಥದೊಂದು ನಿಯಮ ಅಲ್ಲಿಲ್ಲ.

ಎಳೆಯ ಜಿಮ್ನಾಸ್ಟ್‌ಗಳ ಅಭ್ಯಾಸವನ್ನೂ ಹೊರಗಿನ ಬದುಕನ್ನೂ ಸರಿದೂಗಿಸುವುದು ಹೇಗೆ ಎಂಬ ಚರ್ಚೆಗಳನ್ನು ಓದುವಾಗಲೆಲ್ಲ ಈ ತಲೆಕೆಳಗಾದ ಲೆಕ್ಕ ನನ್ನನ್ನು ಕಾಡುತ್ತದೆ. ಸಲಹೆಗಳೆಲ್ಲ ಮಗುವಿಗೆ, ಇಲ್ಲವೇ ಅದರ ತಾಯಿಗೆ. ವೇಳಾಪಟ್ಟಿ ಹಾಕಿಕೊಳ್ಳಿ, ಹೋಂವರ್ಕ್ ಬೇಗ ಮುಗಿಸಿ, ಆದ್ಯತೆ ಗುರುತಿಸಿ. ಆ ವೇಳಾಪಟ್ಟಿಯ ಅರ್ಧಭಾಗವನ್ನು ಇನ್ನೊಬ್ಬರು ಮೊದಲೇ ತುಂಬಿಸಿಟ್ಟಿದ್ದಾರೆ ಎಂಬುದನ್ನು ಯಾರೂ ಪ್ರಶ್ನಿಸುವುದಿಲ್ಲ.

ಅಮೆರಿಕದ ವ್ಯವಸ್ಥೆಯನ್ನೇ ನೋಡೋಣ. ಈ ಕ್ರೀಡೆಯ ಅತಿ ದೊಡ್ಡ ಮಾರುಕಟ್ಟೆಗಳಲ್ಲಿ ಅದೊಂದು. ಯುಎಸ್‌ಎ ಜಿಮ್ನಾಸ್ಟಿಕ್ಸ್ ಸಂಸ್ಥೆಯ ಮೆಟ್ಟಿಲುಗಳು ಒಂದರಿಂದ ಹತ್ತರವರೆಗಿನ ಲೆವೆಲ್‌ಗಳು. ಮೊದಲ ಐದರಲ್ಲಿ ದೇಶದ ಎಲ್ಲ ಹುಡುಗಿಯರೂ ಒಂದೇ ಕಡ್ಡಾಯ ಕಸರತ್ತನ್ನು ಒಪ್ಪಿಸಬೇಕು. ಆರರಿಂದ ಮೇಲಕ್ಕೆ ಪ್ರತಿಯೊಬ್ಬಳಿಗೂ ಅವಳ ಮೈಗೆ ಒಗ್ಗುವಂತೆ ಹೆಣೆದ ಬೇರೆ ಬೇರೆ ಕಸರತ್ತು. ಹತ್ತರಾಚೆ ಎಲೀಟ್, ಅಂದರೆ ದೇಶದ ತಂಡದ ಕನಸು. ಗಂಟೆಗಳು ಕ್ಲಬ್ಬಿನಿಂದ ಕ್ಲಬ್ಬಿಗೆ ಹೆಚ್ಚುಕಮ್ಮಿ. ಸಾಮಾನ್ಯವಾಗಿ ನಾಲ್ಕನೇ ಲೆವೆಲ್‌ನ ಎಂಟೊಂಬತ್ತರ ಮಗುವಿಗೆ ವಾರಕ್ಕೆ 9ರಿಂದ 12 ಗಂಟೆ. ಎಂಟನೆಯದಕ್ಕೆ ಬರುವಾಗ 16ರಿಂದ 20. ಹತ್ತರಲ್ಲಿ 20 ದಾಟುತ್ತದೆ. ಎಲೀಟ್ ಆದರೆ 30ರ ಆಸುಪಾಸು.

ಕಾಗದದ ಮೇಲೆ 16 ಗಂಟೆ ಅಂಥದ್ದೇನೂ ಅನ್ನಿಸುವುದಿಲ್ಲ. ಅದು ದಿನದೊಳಗೆ ಹೇಗೆ ಕೂರುತ್ತದೆ ನೋಡಬೇಕು. ಮೂರಕ್ಕೆ ಶಾಲೆ ಬಿಟ್ಟ ಹುಡುಗಿ ಕಾರಿನ ಹಿಂದಿನ ಸೀಟಿನಲ್ಲೇ ಲಿಯೊಟಾರ್ಡಿಗೆ ಬದಲಾಗಿ, ಡಬ್ಬಿಯಲ್ಲಿದ್ದುದನ್ನು ತಿಂದು, ನಾಲ್ಕಕ್ಕೆ ಜಿಮ್ಮಿನೊಳಗಿರುತ್ತಾಳೆ. ಮೈ ಬಿಸಿ ಮಾಡಿಕೊಳ್ಳುವುದು, ಬಾರ್ಸ್, ಬೀಮ್, ಫ್ಲೋರ್, ವಾಲ್ಟ್, ಕೊನೆಗೆ ಸ್ನಾಯು ಗಟ್ಟಿ ಮಾಡುವ ಕಸರತ್ತು, ಎಂಟಕ್ಕೆ ಹೊರಗೆ. ಬಾರಿನಲ್ಲಿ ಅಂಗೈ ಚರ್ಮ ಸುಲಿದಿದ್ದರೆ ಸ್ನಾನದ ನೀರು ತಾಗಿ ಚುರುಗುಟ್ಟುತ್ತದೆ. ಊಟ, ಗಣಿತದ ಹಾಳೆ, ನಾಳೆಯ ಸ್ಪೆಲ್ಲಿಂಗ್ ಪರೀಕ್ಷೆ. ದಿಂಬಿಗೆ ತಲೆಯಿಡುವಾಗ ಹತ್ತೂವರೆ, ಬೆಳಗ್ಗೆ ಆರೂಕಾಲಿಗೆ ಅಲಾರಂ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ 9ರಿಂದ 12 ಗಂಟೆ ನಿದ್ದೆ ಬೇಕೆಂದು ಅಮೆರಿಕದ ನಿದ್ರಾತಜ್ಞರ ಅಕಾಡೆಮಿ 2016ರಲ್ಲಿ ಹೇಳಿದೆ. ಗೆಳತಿಯ ಹುಟ್ಟುಹಬ್ಬ ತಪ್ಪಿತು, ಶಾಲೆಯ ನಾಟಕ ಕೈಬಿಟ್ಟು ಹೋಯಿತು ಎಂಬ ನಷ್ಟಗಳು ಕಣ್ಣಿಗೆ ಬೀಳುತ್ತವೆ, ಅವಕ್ಕೆ ಅಳು ಇರುತ್ತದೆ. ನಿದ್ದೆಗೆ ಬಿದ್ದ ಕತ್ತರಿ ಯಾರಿಗೂ ಕಾಣುವುದಿಲ್ಲ. ಮೊದಲು ಬೀಳುವುದು ಅದಕ್ಕೇ.

ಕೋಚ್‌ಗಳ ಪರವಾಗಿ ಹೇಳಬೇಕಾದದ್ದೂ ಇದೆ, ಅದು ಸಣ್ಣದಲ್ಲ. ಬೀಮಿನ ಅಗಲ 10 ಸೆಂಟಿಮೀಟರ್, ನೆಲದಿಂದ ಎತ್ತರ 125 ಸೆಂಟಿಮೀಟರ್. ಅದರ ಮೇಲೆ ಹಿಂದಕ್ಕೆ ಲಾಗ ಹಾಕುವವಳಿಗೆ ಕೈ ಎಲ್ಲಿ ಊರುತ್ತದೆ ಎಂದು ನೋಡಲು ಸಮಯವಿರುವುದಿಲ್ಲ, ಮೈಯೇ ಅಂದಾಜು ಹಿಡಿಯಬೇಕು. ಹತ್ತು ದಿನ ಬಿಟ್ಟು ಬಂದರೆ ಸ್ನಾಯುವಿನ ಬಲ ಅಷ್ಟೇನೂ ಕುಗ್ಗಿರುವುದಿಲ್ಲ. ಆದರೆ ಆ ಅಂದಾಜು ಮಸುಕಾಗಿರುತ್ತದೆ, ಮಸುಕಾದ ಜಾಗಕ್ಕೆ ಹೆದರಿಕೆ ಬಂದು ಕೂರುತ್ತದೆ. ಹೆದರಿಕೊಂಡು ಅರ್ಧದಲ್ಲಿ ತಡೆಯುವ ಹುಡುಗಿಗೇ ಪೆಟ್ಟು ಜಾಸ್ತಿ. ಇಲ್ಲಿ ಒಂದು ವಿದ್ಯೆಯ ಹೆಗಲ ಮೇಲೆ ಇನ್ನೊಂದು ನಿಂತಿರುತ್ತದೆ, ನಡುವಿನದನ್ನು ಹಾರಿಸಿ ಮೇಲಿನದಕ್ಕೆ ಹೋಗಲಾಗದು. ಒಬ್ಬ ಕೋಚಿನ ಕೈಕೆಳಗೆ ಎಂಟು ಹತ್ತು ಮಕ್ಕಳಿದ್ದು, ದಿನಕ್ಕಿಬ್ಬರು ಗೈರಾದರೆ ಅವರ ಯೋಜನೆ ದಿನವೂ ಹರಿಯುತ್ತದೆ. ಸ್ಪರ್ಧೆಯ ವಾರ ಅಭ್ಯಾಸ ತಪ್ಪಿಸಿದವಳನ್ನು ಕಣಕ್ಕಿಳಿಸುವುದಿಲ್ಲ ಎಂಬ ನಿಯಮ ಹಲವು ಕ್ಲಬ್ಬುಗಳಲ್ಲಿದೆ. ಅದನ್ನು ನಾನು ಕ್ರೂರ ಎನ್ನಲಾರೆ. ಎಂಟನೇ ಲೆವೆಲ್‌ನಲ್ಲಿ ಅದು ಎಚ್ಚರಿಕೆಯೇ.

ಆದರೆ ಇದೇ ಕಾರಣವನ್ನು ಏಳು ವರ್ಷದ ಮಗುವಿನ ಮೇಲೂ ಹೇರುವಾಗ ವಾದ ಸಡಿಲವಾಗುತ್ತದೆ. ನೆಲದ ಮೇಲೆ ಕೈಯೂರಿ ನಿಲ್ಲುವುದನ್ನು ಕಲಿಯುತ್ತಿರುವ ಮಗು ಅಜ್ಜಿಯ ಜೊತೆ ಒಂದು ವಾರ ಕಳೆದು ಬಂದರೆ ಅಪಾಯವೇನು? ಆ ವಯಸ್ಸಿನಲ್ಲಿ ಶೇಕಡಾ ನೂರು ಹಾಜರಿ ಬೇಡುವುದರ ಹಿಂದೆ ಬೇರೆ ಲೆಕ್ಕಗಳಿವೆ. ಮಗು ಬಂದರೂ ಬಾರದಿದ್ದರೂ ತಿಂಗಳ ಶುಲ್ಕ ಅಷ್ಟೇ. ತಪ್ಪಿದ ತರಗತಿಗೆ ಹಣ ವಾಪಸಿಲ್ಲ. ಗಂಟೆ ಏರಿದಂತೆ ಶುಲ್ಕ ಏರುತ್ತದೆ. ರಾಜ್ಯಮಟ್ಟದ ಸ್ಪರ್ಧೆಯಲ್ಲಿ ತಂಡ ಗೆದ್ದರೆ ಕ್ಲಬ್ಬಿನ ಗೋಡೆಗೆ ಬ್ಯಾನರ್ ಏರುತ್ತದೆ, ಮುಂದಿನ ವರ್ಷ ದಾಖಲಾತಿ ಹೆಚ್ಚುತ್ತದೆ. ಇವೆಲ್ಲಕ್ಕಿಂತ ಸೂಕ್ಷ್ಮವಾದದ್ದು ಹಾಜರಿಯನ್ನು ನಿಷ್ಠೆಯ ಅಳತೆಗೋಲು ಮಾಡಿಕೊಳ್ಳುವುದು. ‘ನಿನ್ನ ತಂಡಕ್ಕೆ ಮೋಸ ಮಾಡಿದೆ’ ಎಂಬ ಮಾತು ಎಂಟು ವರ್ಷದವಳ ಮೇಲೆ ಮಾಡುವ ಪರಿಣಾಮ ದೊಡ್ಡವರಿಗೆ ಊಹಿಸುವುದೂ ಕಷ್ಟ. ಜ್ವರ ಬಂದರೂ ಹೋಗುತ್ತೇನೆಂದು ಹಟ ಹಿಡಿಯುವ ಮಕ್ಕಳನ್ನು ಕಂಡು ಅಪ್ಪ ಅಮ್ಮ ‘ಎಷ್ಟು ಶ್ರದ್ಧೆ’ ಎಂದು ಬೀಗುತ್ತಾರೆ. ಆ ಹಟದಲ್ಲಿ ಪ್ರೀತಿ ಎಷ್ಟು, ಭಯ ಎಷ್ಟು ಎಂದು ತೂಗಿ ನೋಡುವವರು ಕಡಿಮೆ.

ವೈದ್ಯರು ಏನನ್ನುತ್ತಾರೆ? ವೈದ್ಯ ನೀರು ಜಯಂತಿ ಮತ್ತು ಸಂಗಡಿಗರು ಚಿಕಾಗೊ ಸುತ್ತಮುತ್ತ ಸಾವಿರಕ್ಕೂ ಹೆಚ್ಚು ಎಳೆಯ ಕ್ರೀಡಾಪಟುಗಳನ್ನು ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಪದೇ ಪದೇ ಉಲ್ಲೇಖಗೊಳ್ಳುತ್ತದೆ. ವಾರದ ಅಭ್ಯಾಸದ ಗಂಟೆ ಮಗುವಿನ ವಯಸ್ಸಿನ ಸಂಖ್ಯೆಯನ್ನು ಮೀರಿದವರಲ್ಲಿ, ಸತತ ಬಳಕೆಯಿಂದ ಬರುವ ಗಂಭೀರ ಗಾಯಗಳು ಹೆಚ್ಚು ಕಂಡವು. ಕೋಚ್ ನಡೆಸುವ ಅಭ್ಯಾಸ, ಮಗು ತಾನಾಗಿ ಆಡುವ ಆಟದ ಎರಡು ಪಟ್ಟು ದಾಟಿದಾಗಲೂ ಹಾಗೆಯೇ. ಹತ್ತು ವರ್ಷಕ್ಕೆ ಹತ್ತು ಗಂಟೆ ಎಂಬ ಈ ಸೂತ್ರವನ್ನು ಜಿಮ್ನಾಸ್ಟಿಕ್ಸ್‌ಗೆ ಹಿಡಿದರೆ ತಂಡಕ್ಕೆ ಸೇರಿದ ಬಹುಪಾಲು ಮಕ್ಕಳು ಗೆರೆಯಾಚೆ ಇರುತ್ತಾರೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರ ವರದಿಯಲ್ಲಿ ವಾರಕ್ಕೆ ಒಂದೆರಡು ದಿನ, ವರ್ಷಕ್ಕೆ ಒಟ್ಟು ಮೂರು ತಿಂಗಳು (ಒಂದೊಂದೇ ತಿಂಗಳಾದರೂ ಸರಿ) ತಮ್ಮ ಕ್ರೀಡೆಯಿಂದ ಬಿಡುವು ಬೇಕೆಂದಿತು. ಒಂದೇ ಕ್ರೀಡೆಗೆ ಅಂಟಿಕೊಳ್ಳುವುದನ್ನು ಹದಿನೈದು ಹದಿನಾರರವರೆಗೆ ಮುಂದೂಡಿ ಎಂದೂ ಹೇಳಿತು, ಆದರೆ ಜಿಮ್ನಾಸ್ಟಿಕ್ಸ್‌ನಂಥ, ಶಿಖರವನ್ನು ಬೇಗ ಮುಟ್ಟುವ ಕ್ರೀಡೆಗಳು ಇದಕ್ಕೆ ಹೊರತಾಗಬಹುದು ಎಂದು ಒಂದು ಕಿಂಡಿ ಬಿಟ್ಟಿತು. ಕ್ಲಬ್ಬುಗಳು ನುಸುಳುವುದು ಆ ಕಿಂಡಿಯಲ್ಲೇ.

ಗಾಯಗಳ ಸ್ವರೂಪವನ್ನೂ ಹೇಳಬೇಕು. ಬೆಳೆಯುವ ಮಕ್ಕಳ ಮೂಳೆಯ ತುದಿಯಲ್ಲಿ ಮೆತ್ತನೆಯ ಬೆಳವಣಿಗೆಯ ಪದರವಿರುತ್ತದೆ. ಜಿಮ್ನಾಸ್ಟ್‌ಗಳು ಕೈಯನ್ನೇ ಕಾಲಾಗಿಸಿಕೊಂಡವರು, ಮೈಭಾರವೆಲ್ಲ ಮಣಿಕಟ್ಟಿಗೆ. ಅಲ್ಲಿನ ಪದರ ಉರಿಯೂತಕ್ಕೆ ಸಿಕ್ಕಿ ನೋಯುವುದು ಎಷ್ಟು ಸಾಮಾನ್ಯವೆಂದರೆ ವೈದ್ಯರು ಆ ನೋವಿಗೆ ಈ ಕ್ರೀಡೆಯ ಹೆಸರನ್ನೇ ಇಟ್ಟಿದ್ದಾರೆ. ಹಿಮ್ಮಡಿ ನೋವು, ಸೊಂಟದ ಕಶೇರುವಿನ ಸಣ್ಣ ಬಿರುಕು ಕೂಡ ಮಾಮೂಲು. ಇವಕ್ಕೆಲ್ಲ ಮೊದಲ ಔಷಧ ವಿಶ್ರಾಂತಿ, ಅಂದರೆ ಗೈರುಹಾಜರಿ. ಅಂದಹಾಗೆ, ಈ ಆಟದಿಂದ ಮಕ್ಕಳು ಕುಳ್ಳಾಗುತ್ತಾರೆಂಬ ನಂಬಿಕೆಗೆ ಆಧಾರ ಸಿಕ್ಕಿಲ್ಲ. ಕುಳ್ಳಗಿರುವವರು ಇಲ್ಲಿ ಉಳಿದುಕೊಳ್ಳುತ್ತಾರೆ, ಅಷ್ಟೇ.

ಸಂತೋಷದ ಲೆಕ್ಕವೂ ಒಂದಿದೆ. ಕೆನಡಾದ ರಿದಮಿಕ್ ಜಿಮ್ನಾಸ್ಟ್‌ಗಳ ಬಗ್ಗೆ ಲಾ, ಕೋಟೆ ಮತ್ತು ಎರಿಕ್ಸನ್ ಎಂಬ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದ್ದವರು 12 ಮಂದಿ ಮಾತ್ರ. ಒಲಿಂಪಿಕ್ಸ್ ಮುಟ್ಟಿದವರು ಮುಟ್ಟದವರಿಗಿಂತ ಬಹಳ ಹೆಚ್ಚು ಗಂಟೆ ದುಡಿದಿದ್ದರು, ಬೇರೆ ಚಟುವಟಿಕೆಗಳನ್ನು ಬಿಟ್ಟಿದ್ದರು; ತಮ್ಮ ಆರೋಗ್ಯಕ್ಕೂ ಆಟದ ಖುಷಿಗೂ ಕಡಿಮೆ ಅಂಕ ಕೊಟ್ಟುಕೊಂಡರು. ಪುಟ್ಟ ಅಧ್ಯಯನ, ಅದರ ಮೇಲೆ ಹೆಚ್ಚು ಭಾರ ಹೇರಬಾರದು. ಆದರೂ ಗಂಟೆ ಮತ್ತು ಗೆಲುವಿನ ನಂಟನ್ನು ಒಪ್ಪಿಕೊಂಡೇ ಬೆಲೆಯನ್ನೂ ಹೇಳುವ ಅದರ ಪ್ರಾಮಾಣಿಕತೆ ನನಗೆ ಇಷ್ಟ.

ಇಷ್ಟು ಅವಸರ ಈ ಕ್ರೀಡೆಗೆ ಎಲ್ಲಿಂದ ಬಂತು? 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ರುಮೇನಿಯಾದ ಹದಿನಾಲ್ಕರ ನಾದಿಯಾ ಕೊಮನೆಚ್ ಹತ್ತಕ್ಕೆ ಹತ್ತು ಅಂಕ ಪಡೆದಾಗ ಫಲಕದಲ್ಲಿ ಹತ್ತನ್ನು ತೋರಿಸುವ ವ್ಯವಸ್ಥೆಯೇ ಇರಲಿಲ್ಲ, 1.00 ಎಂದು ಮೂಡಿತು. ಅಲ್ಲಿಂದ ಮುಂದೆ ಎಳೆತನವೇ ಮಾದರಿಯಾಯಿತು. ರುಮೇನಿಯಾದ ಒನೆಷ್ಟಿ ಮತ್ತು ದೇವಾದ ಕೇಂದ್ರಗಳಲ್ಲಿ ಹುಡುಗಿಯರ ಶಾಲೆ, ವಾಸ, ಅಭ್ಯಾಸ ಎಲ್ಲವೂ ಒಂದೆಡೆ. ಹೊರಗಿನ ಬದುಕು ಎಂಬುದೇ ಇಲ್ಲವಾದ್ದರಿಂದ ಸಮತೋಲನದ ಪ್ರಶ್ನೆಯೂ ಇರಲಿಲ್ಲ. ಸೋವಿಯತ್ ಒಕ್ಕೂಟದ ಎಲೆನಾ ಮುಖಿನಾ ಕಾಲು ಮುರಿದು ಪೂರ್ತಿ ವಾಸಿಯಾಗುವ ಮೊದಲೇ ಅಭ್ಯಾಸಕ್ಕೆ ಇಳಿಯಬೇಕಾಯಿತು. 1980ರ ಜುಲೈಯಲ್ಲಿ, ಮಾಸ್ಕೋ ಒಲಿಂಪಿಕ್ಸ್ ಬಾಗಿಲಲ್ಲಿದ್ದಾಗ, ಬಿದ್ದು ಕುತ್ತಿಗೆ ಮುರಿದುಕೊಂಡಳು. 2006ರಲ್ಲಿ ಸಾಯುವವರೆಗೂ ಅವಳ ಕೈಕಾಲು ಆಡಲಿಲ್ಲ. ಅಂತರರಾಷ್ಟ್ರೀಯ ಒಕ್ಕೂಟ ಹಿರಿಯರ ಸ್ಪರ್ಧೆಯ ಕನಿಷ್ಠ ವಯಸ್ಸನ್ನು 1981ರಲ್ಲಿ ಹದಿನೈದಕ್ಕೆ, 1997ರಲ್ಲಿ ಹದಿನಾರಕ್ಕೆ ಏರಿಸಿತು. ಅದನ್ನು ವಂಚಿಸಿದವರೂ ಇದ್ದಾರೆ: ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಚೀನಾ ತಂಡ ಗೆದ್ದ ಕಂಚನ್ನು, ಒಬ್ಬ ಹುಡುಗಿಗೆ ಆಗ ಹದಿನಾಲ್ಕೇ ಎಂದು ಹತ್ತು ವರ್ಷದ ನಂತರ ಕಿತ್ತುಕೊಳ್ಳಲಾಯಿತು. ಆದರೂ ವಯಸ್ಸಿನ ಮಿತಿ ಹೊಸ್ತಿಲನ್ನು ಕಾಯುತ್ತದೆಯೇ ಹೊರತು ಹೊಸ್ತಿಲವರೆಗಿನ ದಾರಿಯನ್ನಲ್ಲ. ಹದಿನಾರಕ್ಕೆ ಸಿದ್ಧಳಾಗಬೇಕಾದವಳು ಹತ್ತಕ್ಕೇ ಹೆಗಲು ಕೊಡುತ್ತಾಳೆ.

ಅಮೆರಿಕದಲ್ಲಿ ಆ ಹೆಗಲು ಕೊಡುವಿಕೆಯ ಒಂದು ರೂಪ ಮನೆಪಾಠ. ಮುಂದೆ ಒಲಿಂಪಿಕ್ ಚಿನ್ನ ಗೆದ್ದ ಸಿಮೋನ್ ಬೈಲ್ಸ್ 2012ರಲ್ಲಿ ಶಾಲೆ ಬಿಟ್ಟು ಮನೆಯಲ್ಲೇ ಓದತೊಡಗಿದಾಗ ಆಕೆಯ ವಾರದ ಅಭ್ಯಾಸ ಸುಮಾರು 20 ಗಂಟೆಯಿಂದ 32ಕ್ಕೆ ಏರಿತು. ಶಾಲೆಯ ಪ್ರಾಮ್ ನೃತ್ಯಕ್ಕೆ ಹೋಗಲಾಗಲಿಲ್ಲ ಎಂದು ನಂತರ ಹೇಳಿಕೊಂಡದ್ದುಂಟು. ಅಷ್ಟು ಪದಕಗಳ ಮುಂದೆ ಒಂದು ನೃತ್ಯ ಏನು ಮಹಾ ಎನ್ನಬಹುದು. ತೊಂದರೆ ಎಂದರೆ, ಬೈಲ್ಸ್ ದಾರಿ ಹಿಡಿದ ಸಾವಿರಾರು ಹುಡುಗಿಯರಲ್ಲಿ ಪದಕ ಸಿಗುವುದು ಬೆರಳೆಣಿಕೆಗೆ, ನೃತ್ಯ ತಪ್ಪುವುದು ಎಲ್ಲರಿಗೂ.

ಹೊರಗಿನ ಬದುಕನ್ನು ನಾವು ಮೋಜು ಎಂದಷ್ಟೇ ತಿಳಿಯುವುದರಲ್ಲೇ ಒಂದು ಅಪಾಯವಿದೆ. ಟೆಕ್ಸಾಸಿನ ಕಾಡಂಚಿನಲ್ಲಿದ್ದ ಕೋಚ್‌ಗಳಾದ ಕರೋಯಿ ದಂಪತಿಯ ಶಿಬಿರದಲ್ಲಿ ದೇಶದ ತಂಡದ ಹುಡುಗಿಯರು ತಿಂಗಳು ತಿಂಗಳು ಸೇರುತ್ತಿದ್ದರು. ತಂದೆ ತಾಯಿಗೆ ಅಲ್ಲಿ ಪ್ರವೇಶವಿರಲಿಲ್ಲ. ತಂಡದ ವೈದ್ಯ ಲ್ಯಾರಿ ನಾಸರ್ ವರ್ಷಗಟ್ಟಲೆ ಎಸಗಿದ ಲೈಂಗಿಕ ದೌರ್ಜನ್ಯ ನಡೆದ ಜಾಗಗಳಲ್ಲಿ ಅದೂ ಒಂದು. ಶಾಲೆಯ ಟೀಚರ್, ಪಕ್ಕದ ಮನೆಯ ಆಂಟಿ, ಬೇರೆ ಬಳಗದ ಗೆಳತಿ ಇವರೆಲ್ಲ ಮಗುವಿನ ಮುಖ ನೋಡಿ ‘ಏನಾಯ್ತೇ?’ ಎಂದು ಕೇಳಬಲ್ಲವರು. ಎಲ್ಲ ದೊಡ್ಡವರೂ ಒಂದೇ ಜಿಮ್ಮಿನೊಳಗಿನವರೇ ಆಗಿಬಿಟ್ಟಾಗ ಆ ಪ್ರಶ್ನೆ ಬರುವ ದಿಕ್ಕೇ ಮುಚ್ಚಿಹೋಗುತ್ತದೆ.

ಬ್ರಿಟನ್ ಈ ಪಾಠವನ್ನು ಬರಹಕ್ಕೆ ಇಳಿಸಲು ಹೊರಟಿದೆ. ಅಲ್ಲಿನ ಜಿಮ್ನಾಸ್ಟಿಕ್ಸ್ ಕುರಿತು ಆ್ಯನ್ ವೈಟ್ 2022ರಲ್ಲಿ ಸಲ್ಲಿಸಿದ ವಿಚಾರಣಾ ವರದಿಗೆ 400ಕ್ಕೂ ಹೆಚ್ಚು ಅಹವಾಲುಗಳು ಬಂದಿದ್ದವು: ಗಾಯದ ಮೇಲೆ ಅಭ್ಯಾಸ, ಅತಿಯಾದ ಗಂಟೆಗಳು, ತೂಕದ ಗೀಳು, ಶೌಚಕ್ಕೆ ಹೋಗಲೂ ಬಿಡದ ಶಿಸ್ತು. ಮರುವರ್ಷ ಅಲ್ಲಿನ ಜಿಮ್ನಾಸ್ಟಿಕ್ಸ್ ಸಂಸ್ಥೆ ಹೊರಡಿಸಿದ ನೀತಿಗಳು ಕೋಚ್‌ಗಳು ಮಕ್ಕಳನ್ನು ತಕ್ಕಡಿ ಹತ್ತಿಸುವುದನ್ನು ನಿಲ್ಲಿಸಿದವು. ಶಾಲೆಯ ವೇಳೆಯಲ್ಲಿ ಅಭ್ಯಾಸ ಇಡುವುದಕ್ಕೂ ಕಡಿವಾಣ ತಂದವು. ಪದಕ ಕಮ್ಮಿಯಾದೀತೆಂಬ ಗೊಣಗಾಟ ಇದ್ದೇ ಇರುತ್ತದೆ.

ಆ ಗೊಣಗಾಟಕ್ಕೆ ಪ್ಯಾರಿಸ್‌ನಲ್ಲಿ ಅರ್ಧ ಉತ್ತರ ಸಿಕ್ಕಿದೆ ಎಂದು ನನ್ನ ಅನ್ನಿಸಿಕೆ. 2024ರಲ್ಲಿ ಚಿನ್ನ ಗೆದ್ದ ಅಮೆರಿಕದ ವನಿತೆಯರ ತಂಡದಲ್ಲಿ ಬೈಲ್ಸ್‌ಗೆ 27, ಜೇಡ್ ಕ್ಯಾರಿಗೆ 24, ಜೋರ್ಡನ್ ಚೈಲ್ಸ್‌ಗೆ 23, ಸುನಿ ಲೀಗೆ 21. ಹದಿನಾರರವಳು ಹೆಜ್ಲಿ ರಿವೇರಾ ಒಬ್ಬಳೇ. ಲೀ ಆಬರ್ನ್, ಚೈಲ್ಸ್ ಯುಸಿಎಲ್‌ಎ, ಕ್ಯಾರಿ ಆರೆಗನ್ ಸ್ಟೇಟ್ ಕಾಲೇಜು ತಂಡಗಳಲ್ಲಿ ಆಡಿ ಬಂದವರು. ವಾರಕ್ಕೆ ಒಂದು ದಿನ ಕಡ್ಡಾಯ ರಜೆಯಿರುವ, ತರಗತಿ, ಹಾಸ್ಟೆಲ್, ಗೆಳೆಯರಿರುವ ಬದುಕಿನ ನಂತರವೂ ಒಲಿಂಪಿಕ್ ಚಿನ್ನ ಬಂತು. ಅರ್ಧ ಉತ್ತರ ಎಂದೆ, ಏಕೆಂದರೆ ಈ ಮೂವರೂ ಎಳವೆಯಲ್ಲಿ ಅದೇ ಹಳೆಯ ಗಂಟೆಗಳನ್ನು ಸವೆಸಿದವರೇ. ಕಲಿತದ್ದನ್ನು ಉಳಿಸಿಕೊಳ್ಳುವುದು ಬೇರೆ, ಮೊದಲಿಂದ ಕಲಿಯುವುದು ಬೇರೆ. ಅವರಿಗೂ ಮೊದಲು ಉಜ್ಬೇಕಿಸ್ತಾನದ ಒಕ್ಸಾನಾ ಚುಸೊವಿಟಿನಾ 1992ರಿಂದ ಎಂಟು ಒಲಿಂಪಿಕ್ಸ್ ಆಡಿ, ಟೋಕಿಯೊದಲ್ಲಿ 46ನೇ ವಯಸ್ಸಿನಲ್ಲಿ ವಾಲ್ಟ್ ಹಾರಿದ್ದಳು. ಹದಿನೆಂಟಕ್ಕೆ ಬಾಗಿಲು ಮುಚ್ಚುತ್ತದೆ ಎಂಬ ಹೆದರಿಕೆ ತೋರಿಸಿ ಎಂಟು ವರ್ಷದ ಮಗುವಿನ ಭಾನುವಾರವನ್ನು ಕೇಳುವ ವಾದ ಈಗ ಹಳಸಿದೆ.

ಇದು ಕನ್ನಡ ಮನೆಗಳಿಗೆ ದೂರದ ಮಾತಲ್ಲ. ಟೆಕ್ಸಾಸ್, ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾದ ನಮ್ಮವರ ಮಕ್ಕಳೂ ಈ ಕ್ಲಬ್ಬುಗಳಿಗೆ ಹೋಗುತ್ತಾರೆ, ಅವರ ತಾಪತ್ರಯಕ್ಕೆ ಇನ್ನೊಂದು ಪದರ ಹೆಚ್ಚು. ವಾರಾಂತ್ಯದ ಕನ್ನಡ ತರಗತಿ, ಭರತನಾಟ್ಯ, ಕನ್ನಡ ಕೂಟದ ಯುಗಾದಿ ಕಾರ್ಯಕ್ರಮ ಎಲ್ಲವೂ ಅಭ್ಯಾಸದ ಹೊತ್ತಿಗೇ ಬೀಳುತ್ತವೆ. ಯುಗಾದಿ ಬರುವ ಮಾರ್ಚ್-ಏಪ್ರಿಲ್ ಮೇಲಿನ ಲೆವೆಲ್‌ಗಳ ರಾಜ್ಯ ಮತ್ತು ಪ್ರಾದೇಶಿಕ ಸ್ಪರ್ಧೆಗಳ ಕಾಲ. ಅದಕ್ಕಿಂತ ದೊಡ್ಡ ಜಗ್ಗಾಟ ಬೇಸಿಗೆಯದು. ಶಾಲೆಗೆ ರಜೆ ಬಂದೊಡನೆ ಕ್ಲಬ್ಬುಗಳು ಗಂಟೆ ಹೆಚ್ಚಿಸುತ್ತವೆ; ಸ್ಪರ್ಧೆಯಿಲ್ಲದ ಆ ತಿಂಗಳುಗಳೇ ಹೊಸ ವಿದ್ಯೆ ಕಲಿಯುವ ಕಾಲ. ನಮ್ಮವರು ಊರಿಗೆ ಬರುವುದೂ ಆಗಲೇ. ನಾಲ್ಕು ವಾರ ಮೈಸೂರಿನಲ್ಲೋ ಶಿವಮೊಗ್ಗದಲ್ಲೋ ಕಳೆದ ಮಗು ಮರಳಿದಾಗ ಗೆಳತಿಯರು ಮೇಲಿನ ಲೆವೆಲ್‌ಗೆ ಹತ್ತಿರುತ್ತಾರೆ. ‘ಈ ವರ್ಷ ಊರು ಬೇಡ’ ಎಂದು ಹುಡುಗಿಯೇ ಹೇಳುವಾಗ ಅಜ್ಜ ಅಜ್ಜಿಗೆ ಫೋನಿನಲ್ಲಿ ಏನು ಹೇಳುವುದು? ನನ್ನನ್ನು ಕೇಳಿದರೆ ಹತ್ತು ವರ್ಷದವರೆಗೆ ಊರಿಗೆ ಬಂದೇ ಬಿಡಿ ಎನ್ನುತ್ತೇನೆ. ಲೆವೆಲ್ ಮುಂದಿನ ವರ್ಷವೂ ಅಲ್ಲೇ ಇರುತ್ತದೆ, ಅಜ್ಜಿಯ ಬಗ್ಗೆ ಹಾಗೆ ಹೇಳಲಾಗದು.

ಇಲ್ಲಿ, ಭಾರತದಲ್ಲಿ, ಕಷ್ಟ ಬೇರೆ ಬಗೆಯದು. ಅಗರ್ತಲಾದ ದೀಪಾ ಕರ್ಮಾಕರ್ ಚಪ್ಪಟೆ ಪಾದ ಹೊತ್ತು, ಸಲಕರಣೆಯ ಕೊರತೆಯ ನಡುವೆ ಬಿಶ್ವೇಶ್ವರ ನಂದಿ ಅವರಲ್ಲಿ ಕಲಿತು, 2016ರ ರಿಯೊದಲ್ಲಿ ವಾಲ್ಟ್‌ನಲ್ಲಿ 15.066 ಅಂಕಗಳೊಂದಿಗೆ ನಾಲ್ಕನೆಯವರಾದರು. ಕಂಚು ತಪ್ಪಿದ್ದು 0.150ರಲ್ಲಿ. ಊರಿಗೆ ಮರಳಿ ಕೆಲವೇ ದಿನಗಳಲ್ಲಿ ರಾಜ್ಯಶಾಸ್ತ್ರದ ಎಂಎ ಪರೀಕ್ಷೆ ಬರೆದರು. ನಮ್ಮ ಪತ್ರಿಕೆಗಳು ಇದನ್ನು ಆದರ್ಶವೆಂದು ಹೊಗಳಿದವು, ಹೊಗಳಬೇಕಾದದ್ದೇ. ಆದರೆ ಎಲ್ಲರಿಂದ ಅದನ್ನು ನಿರೀಕ್ಷಿಸಲಾಗದು. ನಮ್ಮಲ್ಲಿ ಅಭ್ಯಾಸವನ್ನು ನುಂಗುವುದು ಟ್ಯೂಷನ್. ಒಂಬತ್ತನೇ ತರಗತಿಗೆ ಬಂದೊಡನೆ ‘ಎಸ್ಸೆಸ್ಸೆಲ್ಸಿ ಮುಗೀಲಿ, ಆಮೇಲೆ ನೋಡೋಣ’ ಎನ್ನುತ್ತಾರೆ. ಆಮೇಲೆ ಪಿಯುಸಿ, ಸಿಇಟಿ. ಸಿಬಿಎಸ್‌ಇ ಶೇಕಡಾ 75 ಹಾಜರಿಯ ನಿಯಮದಲ್ಲಿ ಕ್ರೀಡಾಪಟುಗಳಿಗೆ ರಿಯಾಯಿತಿ ಕೊಡುತ್ತದೆ, ರಾಷ್ಟ್ರ ಮತ್ತು ಅಂತರರಾಷ್ಟ್ರೀಯ ಸ್ಪರ್ಧೆಯ ದಿನಕ್ಕೆ ಪರೀಕ್ಷೆ ಬಿದ್ದರೆ ಬೇರೆ ದಿನ ಬರೆಯಲು ಬಿಡುತ್ತದೆ. ಆ ಮಟ್ಟಕ್ಕೆ ಇನ್ನೂ ಏರುತ್ತಿರುವವಳಿಗೆ, ಅಂದರೆ ಹೆಚ್ಚಿನವರಿಗೆ, ಅದರಿಂದ ಉಪಯೋಗ ಕಡಿಮೆ.

ಮಕ್ಕಳನ್ನೇ ಕೇಳಿದರೆ? ಬಹಳಷ್ಟು ಮಂದಿಗೆ ಜಿಮ್ ಬಿಟ್ಟು ಬೇರೆಲ್ಲೂ ಇರಲು ಮನಸ್ಸಿಲ್ಲ. ಅವರ ಗೆಳತಿಯರು ಅಲ್ಲೇ, ನಗು ಅಲ್ಲೇ, ತಲೆಕೆಳಗಾಗಿ ಹಾರುವ ಸುಖವೂ ಅಲ್ಲೇ. ಹೊರಗಿನ ಬದುಕು ಕೊಡುತ್ತೇವೆಂದು ಅವರನ್ನು ಬಲವಂತವಾಗಿ ಸೋಫಾದ ಮೇಲೆ ಕೂರಿಸುವುದು ಮೂರ್ಖತನ. ಆದರೆ ಹತ್ತು ವರ್ಷದ ಉತ್ಸಾಹವನ್ನು ಒಪ್ಪಿಗೆಪತ್ರವಾಗಿ ಬಳಸುವುದೂ ಸರಿಯಲ್ಲ. ಹದಿಮೂರು ಹದಿನಾಲ್ಕಕ್ಕೆ ಮೈ ಬೆಳೆದು ಹಳೆಯ ಅಂದಾಜುಗಳು ತಪ್ಪತೊಡಗಿದಾಗ, ಹೈಸ್ಕೂಲಿನ ಓದು ಬಿಗಿಯಾದಾಗ, ಅನೇಕರು ಕ್ಲಬ್ ಬಿಡುತ್ತಾರೆ. ಆ ಹೊತ್ತಿಗೆ ಬೇರೆ ಗೆಳೆತನ, ಬೇರೆ ಹವ್ಯಾಸ ಯಾವುದೂ ಉಳಿದಿರದಿದ್ದರೆ ಬಿಡುವುದೆಂದರೆ ಗುರುತನ್ನೇ ಕಳೆದುಕೊಂಡಂತೆ. ಕಡಿಮೆ ಗಂಟೆಯ ಎಕ್ಸೆಲ್ ವಿಭಾಗ ಅಮೆರಿಕದಲ್ಲಿದೆ: ಬ್ರಾಂಜ್‌ನಿಂದ ಸಫೈರ್‌ವರೆಗೆ, ವಾರಕ್ಕೆ ಎರಡು ಮೂರು ದಿನದಲ್ಲೂ ಸ್ಪರ್ಧಿಸಬಹುದು. ಇದನ್ನು ಸೋತವರ ಸಾಲು ಎಂದು ಲಾಬಿಯಲ್ಲಿ ಕೂತ ಪೋಷಕರೇ ಪಿಸುಗುಟ್ಟುತ್ತಾರೆ. ಕಾಲೇಜಿನ ವಿದ್ಯಾರ್ಥಿವೇತನ ಅವರ ಕಣ್ಣಲ್ಲಿರುತ್ತದೆ. ಮೇಲ್ದರ್ಜೆಯ ವನಿತಾ ಜಿಮ್ನಾಸ್ಟಿಕ್ಸ್ ತಂಡವಿರುವ ಕಾಲೇಜುಗಳು ಇಡೀ ದೇಶದಲ್ಲಿ ಅರವತ್ತು ಚಿಲ್ಲರೆ ಎಂಬುದನ್ನು ಯಾರೂ ನೆನಪಿಸುವುದಿಲ್ಲ.

ಹಾಗಾಗಿ ಮನೆಮನೆಯಲ್ಲಿ ಕೋಚಿನ ಮುಂದೆ ನಿಂತು ರಜೆ ಬೇಡುವ ಪದ್ಧತಿಯಿಂದ ಇದು ಬಗೆಹರಿಯದು. ಒಬ್ಬ ತಾಯಿ ಕೇಳಿದರೆ ಅವಳ ಮಗಳು ಹಿಂದೆ ಬೀಳುತ್ತಾಳೆ, ಉಳಿದವರು ಮುಂದೆ ಹೋಗುತ್ತಾರೆ. ಎಲ್ಲರಿಗೂ ಒಂದೇ ಮಿತಿ ಇದ್ದಾಗ ಯಾರೂ ಹಿಂದೆ ಬೀಳುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಸಿನಿಮಾದಲ್ಲಿ ನಟಿಸುವ ಒಂಬತ್ತರಿಂದ ಹದಿನೈದು ವರ್ಷದ ಮಕ್ಕಳಿಗೆ ಶಾಲೆಯ ದಿನಗಳಲ್ಲಿ ಐದು ಗಂಟೆಗಿಂತ ಹೆಚ್ಚು ಕೆಲಸ ಕೊಡುವಂತಿಲ್ಲ, ಸೆಟ್ಟಿನಲ್ಲೇ ಮೂರು ಗಂಟೆ ಪಾಠ ಆಗಬೇಕು. ಕ್ಯಾಮೆರಾದ ಮುಂದಿನ ಮಗುವಿಗೆ ಸಾಧ್ಯವಾದದ್ದು ಬೀಮಿನ ಮೇಲಿನ ಮಗುವಿಗೆ ಯಾಕಾಗದು? ಯುಎಸ್‌ಎ ಜಿಮ್ನಾಸ್ಟಿಕ್ಸ್ ಪ್ರತಿ ಲೆವೆಲ್‌ಗೆ ಕನಿಷ್ಠ ವಯಸ್ಸನ್ನು ಈಗಾಗಲೇ ನಿಗದಿ ಮಾಡಿದೆ, ಕೋಚ್‌ಗಳ ಸದಸ್ಯತ್ವಕ್ಕೆ ಸುರಕ್ಷತೆಯ ಷರತ್ತು ಹಾಕಿದೆ. ಅದೇ ನಿಯಮ ಪುಸ್ತಕದಲ್ಲಿ ಹನ್ನೆರಡರ ಒಳಗಿನವರಿಗೆ ವಾರದ ಗಂಟೆಯ ಗರಿಷ್ಠ ಮಿತಿ, ಎರಡು ದಿನದ ಬಿಡುವು, ವರ್ಷದಲ್ಲಿ ಒಂದು ತಿಂಗಳಾದರೂ ಪ್ರಶ್ನೆಯಿಲ್ಲದ ರಜೆ, ಇಷ್ಟು ಬರೆಯಲು ಹೊಸ ಅಧಿಕಾರ ಬೇಕಿಲ್ಲ. ಮೇಲಿನ ಲೆವೆಲ್‌ನ ಹದಿನೈದರವರಿಗೆ ಬೇಕಾದರೆ ಬೇರೆ ಲೆಕ್ಕ ಇರಲಿ. ಅಷ್ಟರಲ್ಲಿ ಆ ಹುಡುಗಿಗೆ ತನಗೇನು ಬೇಕೆಂದು ಹೇಳಲು ಬಂದಿರುತ್ತದೆ.